ಮುಖ ಕಾಣದ ಪಾರ್ಟು

ನಾನು ಸಿನಿಮಾದಲ್ಲಿ ನಟಿಸಿದ್ದೇನೆ. ಹೇಳಿದರೆ ಯಾರೂ ನಂಬುವುದಿಲ್ಲ, ಯಾಕಂದರೆ ಅದರಲ್ಲಿ ನನ್ನ ಮುಖ ಕಾಣುವುದಿಲ್ಲ. ಕಾಣಬಾರದು ಅಂತಲೇ ನನ್ನನ್ನು ಆರಿಸಿದ್ದು.

ನಾವಿರುವುದು ಇಂಗ್ಲೆಂಡಿನ ಸೌತ್ ಯಾರ್ಕ್‌ಶೈರ್‌ನಲ್ಲಿ. ಕಲ್ಲಿದ್ದಲು ಗಣಿಗಳ ಸೀಮೆ ಇದು, ಗಣಿ ಮಾತ್ರ ಒಂದೂ ಉಳಿದಿಲ್ಲ. 1984ರ ಮಾರ್ಚ್‌ನಲ್ಲಿ ಸರ್ಕಾರದ ಕಲ್ಲಿದ್ದಲು ಮಂಡಳಿ 20 ಗಣಿ ಮುಚ್ಚುತ್ತೇವೆ, 20,000 ಕೆಲಸ ಹೋಗುತ್ತದೆ ಅಂದಾಗ ಮೊದಲು ಎದ್ದು ನಿಂತವರಲ್ಲಿ ಇಲ್ಲಿಯ ಕಾರ್ಟನ್‌ವುಡ್ ಗಣಿಯವರೂ ಒಬ್ಬರು. ಒಂದು ಕಡೆ ಯೂನಿಯನ್ನಿನ ಆರ್ಥರ್ ಸ್ಕಾರ್ಗಿಲ್, ಇನ್ನೊಂದು ಕಡೆ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಹತ್ತಿರ ಹತ್ತಿರ ಒಂದು ವರ್ಷ ಸ್ಟ್ರೈಕ್ ಮಾಡಿ, ಸಂಬಳವಿಲ್ಲದೆ ಕೂತು, 1985ರ ಮಾರ್ಚ್‌ನಲ್ಲಿ ಸೋತು, ಬ್ಯಾಂಡು ಬಾರಿಸಿಕೊಂಡು ಕೆಲಸಕ್ಕೆ ವಾಪಸ್ ನಡೆದರು. ಅದರ ಮೇಲೆ ಸಣ್ಣ ಬಜೆಟ್ಟಿನ ಒಂದು ಸಿನಿಮಾ.

ಮೊದಲ ತೊಂದರೆ, ತೋರಿಸೋಕೆ ಗಣಿಯೇ ಇಲ್ಲ. ಕಾರ್ಟನ್‌ವುಡ್ ಇದ್ದ ಜಾಗದಲ್ಲಿ ಈಗ ಶಾಪಿಂಗ್ ಪಾರ್ಕ್. ನಾನೂ ನನ್ನ ಹೆಂಡತಿಯೂ ಟ್ರಾಲಿ ತಳ್ಳುವುದು ಅಲ್ಲೇ. ಪೊಲೀಸರೂ ಗಣಿಯವರೂ ಹೊಡೆದಾಡಿದ ಆರ್ಗ್ರೀವ್‌ನಲ್ಲಿ ಹೊಸ ಮನೆಗಳ ಬಡಾವಣೆ ಎದ್ದಿದೆ. ಕೊನೆಗೆ ಒಂದು ಬಯಲಲ್ಲಿ ಪ್ಲೈವುಡ್ಡಿನ ಗೇಟು ನಿಲ್ಲಿಸಿ, ಅದರ ಮೇಲೆ ಗಣಿಯ ಹೆಸರು ಬರೆದರು.

ಎರಡನೆಯದು, ಕಲ್ಲಿದ್ದಲೂ ಇಲ್ಲ. ಮನೆಯ ಒಲೆಗೆ ಹಾಕುವ ಕಲ್ಲಿದ್ದಲು ಮಾರುವುದನ್ನೇ ಇಂಗ್ಲೆಂಡಿನಲ್ಲಿ 2023ರಲ್ಲಿ ನಿಲ್ಲಿಸಿದ್ದಾರೆ. ಹಾಗಾಗಿ ಥರ್ಮಾಕೋಲ್ ಕತ್ತರಿಸಿ, ಕಪ್ಪು ಬಣ್ಣ ಬಳಿದು, ಗೇಟಿನ ಪಕ್ಕ ದೊಡ್ಡ ಗುಡ್ಡೆ ಹಾಕಿದರು. ನೋಡೋಕೆ ಥೇಟ್ ಕಲ್ಲಿದ್ದಲೇ. ಆದರೆ ಯಾರ್ಕ್‌ಶೈರ್ ಗಾಳಿ ಸಿನಿಮಾದವರ ಮಾತು ಕೇಳುತ್ತದಾ? ಒಂದು ಬೀಸಿಗೆ ಅರ್ಧ ಗಣಿ ಹಾರಿ ಕಾರ್ ಪಾರ್ಕಿಂಗ್ ಸೇರಿತು. ಪೊಲೀಸ್ ವೇಷದವರು, ಸ್ಟ್ರೈಕಿನವರು ಎಲ್ಲ ಒಟ್ಟಿಗೆ ಓಡಿ, ಕಾರುಗಳ ಅಡಿ ಬಗ್ಗಿ ಬಗ್ಗಿ ಕಲ್ಲಿದ್ದಲು ಆಯ್ದರು. ಒಬ್ಬ ಇನ್ಸ್‌ಪೆಕ್ಟರ್ ತನ್ನ ಹೆಲ್ಮೆಟ್ಟಿನಲ್ಲೇ ತುಂಬಿಕೊಂಡು ಬಂದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಒಬ್ಬ ಅಜ್ಜನನ್ನು ಬಿಟ್ಟು. ಅವರು ಆ ಕಾಲದ ಗಣಿ ಕೆಲಸಗಾರ, ಈ ಸಿನಿಮಾದ ಸಲಹೆಗಾರ. ಆ ಚಳಿಗಾಲ ಜನ ನಿಜವಾಗಿಯೂ ಹೀಗೇ ಕಲ್ಲಿದ್ದಲು ಆಯುತ್ತಿದ್ದರಂತೆ. ಗೋಲ್ಡ್‌ಥಾರ್ಪ್‌ನಲ್ಲಿ ಮಣ್ಣು ಕುಸಿದು ಇಬ್ಬರು ಅಣ್ಣತಮ್ಮಂದಿರು, ಇನ್ನೂ ಶಾಲೆಗೆ ಹೋಗುವ ಹುಡುಗರು, ಸತ್ತರು ಅಂದರು. ನಾವು ತೆಪ್ಪಗೆ ಆಯ್ದೆವು.

ಈ ಅಜ್ಜನಿಂದ ನಿರ್ದೇಶಕನಿಗೆ ನಿದ್ದೆ ಇರಲಿಲ್ಲ. ಮಡಚುವ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ "ತಪ್ಪು" ಅನ್ನುವುದೇ ಅವರ ಕೆಲಸ. ಆರ್ಗ್ರೀವ್ ಸೀನಿಗೆ ಎಲ್ಲರಿಗೂ ಒಳ್ಳೇ ಉಣ್ಣೆ ಕೋಟು ತಂದಿದ್ದರು. "1984ರ ಜೂನ್ 18. ಸುಡು ಬಿಸಿಲು. ನಾವು ಟೀ ಶರ್ಟಿನಲ್ಲಿದ್ದೆವು" ಅಂದರು ಅಜ್ಜ. ಶೂಟಿಂಗ್ ಇದ್ದದ್ದು ಅಕ್ಟೋಬರಿನಲ್ಲಿ. ಇತಿಹಾಸಕ್ಕೆ ಮೋಸ ಆಗಬಾರದು ಅಂತ ಅಷ್ಟೂ ಜನ ಟೀ ಶರ್ಟಿನಲ್ಲಿ ಗಡಗಡ ನಡುಗುತ್ತಾ ಬೆವರು ಒರೆಸಿಕೊಳ್ಳುವ ನಟನೆ ಮಾಡಿದರು.

ಇಷ್ಟೆಲ್ಲ ಸರಿಹೋಯಿತು. ಸರಿಹೋಗದೇ ಇದ್ದದ್ದು ಸ್ಕ್ಯಾಬ್ ಪಾತ್ರ. ಸ್ಕ್ಯಾಬ್ ಅಂದರೆ ಎಲ್ಲರೂ ಹೊರಗೆ ಕೂತಿರುವಾಗ ಸ್ಟ್ರೈಕ್ ಮುರಿದು ಒಳಗೆ ಹೋಗುವವನು. ಅವರನ್ನು ಗೇಟಿನ ಒಳಗೆ ಕರೆದೊಯ್ಯುತ್ತಿದ್ದದ್ದು ಬಸ್ಸಿನಲ್ಲಿ. ಸ್ಟ್ರೈಕ್ ಮಾಡುವವರ ಪಾತ್ರಕ್ಕೆ ಊರಿಗೆ ಊರೇ ಕ್ಯೂ ನಿಂತಿತ್ತು. ಪೊಲೀಸ್ ಪಾತ್ರಕ್ಕೂ, ಗೊಣಗಿಕೊಂಡಾದರೂ, ಜನ ಸಿಕ್ಕರು. ಸ್ಕ್ಯಾಬ್ ಆಗೋಕೆ ಒಬ್ಬನೂ ಒಪ್ಪಲಿಲ್ಲ. ದುಡ್ಡು ಜಾಸ್ತಿ ಕೊಡ್ತೀವಿ ಅಂದರೂ ಇಲ್ಲ. ಸ್ಟ್ರೈಕ್ ಮುಗಿದು ಎಷ್ಟೋ ವರ್ಷಕ್ಕೆ ಹುಟ್ಟಿದ ಒಬ್ಬ ಹುಡುಗ ಹೂಂ ಅಂದಿದ್ದ. ಸಂಜೆ ಅವನ ಅಜ್ಜಿ, "ಆ ಬಸ್ ಹತ್ತಿದರೆ ಈ ಮನೆ ಮೆಟ್ಟಿಲು ಹತ್ತಬೇಡ" ಅಂದಳಂತೆ. ಬೆಳಿಗ್ಗೆ ಅವನಿಗೆ ಹೊಟ್ಟೆನೋವು. "ಅದಕ್ಕೆ ನಾಟಿಂಗ್‌ಹ್ಯಾಮ್‌ಗೆ ಹೋಗಿ, ಬೇಕಾದಷ್ಟು ಜನ ಸಿಗ್ತಾರೆ" ಅಂದರು ನಮ್ಮ ಸಲಹೆಗಾರ ಅಜ್ಜ. ಆ ಕಡೆಯ ಗಣಿಗಳಲ್ಲಿ ಹೆಚ್ಚಿನವರು ಸ್ಟ್ರೈಕಿನ ವರ್ಷವೂ ಕೆಲಸಕ್ಕೆ ಹೋಗಿದ್ದರು. ಆ ಸಿಟ್ಟು ಇನ್ನೂ ಬಿಸಿಬಿಸಿಯಾಗಿಯೇ ಇದೆ.

ಹಾಗಾಗಿ ಪರದೇಶಿಗಳ ಹುಡುಕಾಟ ಶುರುವಾಯಿತು. ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ ಮಾಡುವ ಒಬ್ಬ ಪೋಲೆಂಡಿನವನು, ಚೀನಾದ ಇಬ್ಬರು ಕಾಲೇಜು ಹುಡುಗರು, ಮತ್ತು ನಾನು. "1984ರ ಯಾರ್ಕ್‌ಶೈರ್ ಗಣಿಯಲ್ಲಿ ನನ್ನಂಥ ಮುಖ ಹೇಗ್ರೀ?" ಅಂತ ಕೇಳಿದೆ. ಮುಖ ಯಾರಿಗೆ ಬೇಕು, ಅವರೆಲ್ಲ ಮುಸುಕು ಹಾಕಿಕೊಂಡೇ ಹೋಗ್ತಿದ್ದರು ಅಂದಳು ಸಹಾಯಕ ನಿರ್ದೇಶಕಿ. ಕೈಗೆ ಒಂದು ಉಣ್ಣೆಯ ಮಂಕಿ ಕ್ಯಾಪ್ ಕೊಟ್ಟಳು.

ಮಂಕಿ ಕ್ಯಾಪಿನ ಮೇಲೆ ಕನ್ನಡಕ ಹಾಕಿದವರಿಗೆ ಗೊತ್ತು. ಒಂದು ಉಸಿರು ಬಿಟ್ಟರೆ ಲೋಕವೆಲ್ಲ ಮಂಜು. ಕಿಟಕಿಗೆ ಕಬ್ಬಿಣದ ಜಾಲರಿ ಹೊಡೆದ ಬಸ್ಸು ಹತ್ತಿ, ಸೀಟು ಅಂದುಕೊಂಡು ಪೋಲೆಂಡಿನವನ ತೊಡೆ ಮೇಲೆ ಕೂತೆ. ಬಸ್ಸು ಗೇಟಿನ ಕಡೆ ಹೊರಟಿತು. ಹೊರಗೆ "ಸ್ಕ್ಯಾಬ್! ಸ್ಕ್ಯಾಬ್!" ಅಂತ ಗಲಾಟೆ. ರಬ್ಬರ್ ಕಲ್ಲುಗಳು ಬಂದು ಬಿದ್ದವು. ಇದ್ದಕ್ಕಿದ್ದಂತೆ ಜಾಲರಿಯ ಸಂದಿಯಿಂದ ಒಂದು ಛತ್ರಿಯ ತುದಿ ಬಂದು ನನ್ನ ಪಕ್ಕೆಗೆ ತಿವಿಯಿತು. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಹೊಟ್ಟೆನೋವಿನ ಹುಡುಗನ ಅಜ್ಜಿ! ಬೈಗುಳವೂ ಅವರ ಸ್ವಂತದ್ದೇ. ನಿರ್ದೇಶಕನಿಗೆ ಎಷ್ಟು ಖುಷಿಯಾಯಿತು ಅಂದರೆ, "ಅಜ್ಜಿ, ಅದನ್ನೇ ಇನ್ನೊಂದು ಸಲ" ಅಂದ. ಆಕೆ ಬೇಡ ಅನ್ನಲಿಲ್ಲ.

ಟೀ ಡೇರೆಯಲ್ಲಿ ಇದ್ದವರೂ ಊರಿನ ಹೆಂಗಸರೇ. ಅವರಲ್ಲಿ ಕೆಲವರು ಸ್ಟ್ರೈಕಿನ ವರ್ಷ ಇಡೀ ಊರಿಗೆ ಅಡುಗೆ ಮಾಡಿ ಬಡಿಸಿದವರು. ಒಬ್ಬಾಕೆ ಕಪ್ಪು ಕೈಗಿಟ್ಟು, "ಎಲ್ಲಿಯವನಪ್ಪಾ ನೀನು, ಗೇಟಿನವನಾ, ಬಸ್ಸಿನವನಾ?" ಅಂದರು. ಬಸ್ಸು ಅಂದೆ. ಟೀ ವಾಪಸ್ ಕಿತ್ತುಕೊಳ್ಳಲಿಲ್ಲ, ದೊಡ್ಡವರು. ಬಿಸ್ಕತ್ತಿನ ಡಬ್ಬದ ಮುಚ್ಚಳ ಮಾತ್ರ ಟಪ್ ಅಂತ ಮುಚ್ಚಿದರು.

ಆಮೇಲೆ ಸಲಹೆಗಾರ ಅಜ್ಜ ನನ್ನನ್ನು ಹತ್ತಿರ ಕರೆದರು. "ಇಂಡಿಯಾನಾ? 1977ರಲ್ಲಿ ನಾವು ಬಸ್ ಮಾಡಿಕೊಂಡು ಲಂಡನ್ನಿಗೆ ಹೋಗಿದ್ವಿ. ನಿಮ್ಮ ಹೆಂಗಸರು ಸೀರೆ ಉಟ್ಟು ಫ್ಯಾಕ್ಟರಿ ಗೇಟಿನಲ್ಲಿ ನಿಂತಿದ್ರು. ಅವರ ಜೊತೆ ನಿಂತ್ವಿ." ಗ್ರನ್‌ವಿಕ್ ಅನ್ನುವ ಫೋಟೋ ತೊಳೆಯುವ ಕಾರ್ಖಾನೆಯ ಮುಷ್ಕರ ಅದು. ಜಯಾಬೆನ್ ದೇಸಾಯಿ ಅದರ ನಾಯಕಿ. ಅವರಿಗೆ ಬೆಂಬಲ ಕೊಡೋಕೆ ಸ್ಕಾರ್ಗಿಲ್ ಯಾರ್ಕ್‌ಶೈರ್ ಗಣಿಯವರನ್ನು ಕರೆದುಕೊಂಡು ಹೋಗಿದ್ದರು. ಅಜ್ಜ ನನ್ನ ಕೈಯಲ್ಲಿದ್ದ ಮಂಕಿ ಕ್ಯಾಪ್ ನೋಡಿದರು. "ನಿಮಗೋಸ್ಕರ ನಾವು ಅಲ್ಲಿ ನಿಂತ್ವಿ. ನೀನು ನೋಡಿದ್ರೆ ಈ ಬಸ್ಸಿನಲ್ಲಿ." ಜಯಾಬೆನ್ ಗುಜರಾತಿನವರು, ನಾನು ದಾವಣಗೆರೆ, ಬಹಳ ದೂರ ಆಗುತ್ತೆ ಅಂದೆ. ಈ ವಾದ ನಿಲ್ಲಲಿಲ್ಲ.

ಸಿನಿಮಾದ ತುಣುಕು ಬಂದ ಮೇಲೆ ಊರಿಗೆ ಕಳಿಸಿದೆ. ಎಡಗಡೆ ಮೂರನೇ ಕಿಟಕಿ ನೋಡಿ ಅಂತಲೂ ಹೇಳಿದೆ. ಅಮ್ಮ ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ, ಪೋಲೆಂಡಿನವನನ್ನು ತೋರಿಸಿ, "ಎಷ್ಟು ಇಳಿದುಹೋಗಿದೀಯೋ, ಹೊತ್ತಿಗೆ ಸರಿಯಾಗಿ ಉಣ್ಣಲ್ವಾ?" ಅಂದರು. ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು, ಹಳೇ ಯೂನಿಯನ್ ಮನುಷ್ಯ. ಅವರಿಗೆ ಮುಖ ಬೇಕಿರಲಿಲ್ಲ.

"ಸ್ಟ್ರೈಕ್ ಟೈಮಲ್ಲಿ ಒಳಗೆ ಹೋಗೋನ ಪಾರ್ಟೇನಲೇ?"

"ಅಪ್ಪಾ, ಸಿನಿಮಾ ಅದು."

"ರೊಕ್ಕ ಕೊಟ್ರಾ?"

"ಕೊಟ್ರು."

"ಆ ರೊಕ್ಕ ಮನೆಯೊಳಗೆ ತರಬೇಡ."

ಅಷ್ಟರಲ್ಲಿ ಹೆಂಡತಿ ಆ ದುಡ್ಡಿಗೆ ಮಿಕ್ಸಿ ತರಿಸಿಯಾಗಿತ್ತು. ಮುಂದಿನ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದರು. ಬೆಳಿಗ್ಗೆ ಬೆಣ್ಣೆ ದೋಸೆ. ಅಪ್ಪ ತಟ್ಟೆ ಮುಂದೆ ಕೂತು, ಅಡುಗೆಮನೆ ಕಡೆ ಕಣ್ಣು ಹಾಯಿಸಿ, "ಏನಮ್ಮಾ, ಚಟ್ನಿ ಆ ಮಿಕ್ಸಿದೇನು?" ಅಂದರು. ಹೌದು ಮಾವ ಅಂದಳು ಇವಳು. ಅಪ್ಪ ಚಟ್ನಿ ಬಟ್ಟಲನ್ನು ನನ್ನ ಕಡೆ ಸರಿಸಿ, ಇನ್ನೊಂದು ಮುದ್ದೆ ಬೆಣ್ಣೆ ಹಾಕಿಸಿಕೊಂಡರು.