ಎತ್ತಿಗೆ ಜ್ವರ, ಪ್ರೊಸೆಸರ್‌ಗೆ ಬರೆ

ಕಂಪ್ಯೂಟರ್ ಆಟದ ಮಧ್ಯೆ ಪರದೆ ಒಮ್ಮೆ ತಡವರಿಸಿದರೆ ಸಾಕು, ತೀರ್ಪು ಹೊರಬಿದ್ದಿರುತ್ತದೆ: ‘ಪ್ರೊಸೆಸರ್ ಹಳೇದಾಯ್ತು.’ ಪಾಪ, ಅದು ತನ್ನ ಬಿಸಿ ಹೀರುವ ಕೂಲರಿನ ಅಡಿಯಲ್ಲಿ ಮುಖ ಕಾಣದಂತೆ ಕೂತಿರುತ್ತದೆ, ತನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ. ಗ್ರಾಫಿಕ್ಸ್ ಕಾರ್ಡಾದರೋ ಬಣ್ಣದ ದೀಪ ಹಚ್ಚಿಕೊಂಡು, ಮೂರು ಫ್ಯಾನ್ ತಿರುಗಿಸಿಕೊಂಡು ಗತ್ತಿನಲ್ಲಿರುತ್ತದೆ. ಅದನ್ನು ಅನುಮಾನಿಸಲು ಮನಸ್ಸೇ ಬಾರದು. ಜ್ವರ ಯಾರಿಗೆ ಎಂದು ನೋಡುವ ಮೊದಲೇ ಬರೆ ಹಾಕುವ ಕಬ್ಬಿಣ ಕಾದಿರುತ್ತದೆ.

ವಿಚಾರಣೆ ಕಷ್ಟದ್ದೇನಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ತಂತ್ರಾಂಶ ಹಾಕಿಕೊಂಡು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ), ಗ್ರಾಫಿಕ್ಸ್ ಕಾರ್ಡಿನ ಬಳಕೆ, ಪ್ರೊಸೆಸರಿನ ಬಿಸಿ ಮತ್ತು ವೇಗ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ಆಟದಲ್ಲಿ ಅತಿ ಹೆಚ್ಚು ತಡವರಿಸುವ ಜಾಗಕ್ಕೇ ಹೋಗಿ ನಿಲ್ಲಿ. ಮೆನುವಿನಲ್ಲಿ ನಿಂತು ಅಳೆದರೆ ಮೆನುವಿನ ವೇಗ ಗೊತ್ತಾಗುತ್ತದೆ, ಅಷ್ಟೆ. ಕಾರ್ಡ್ ಶೇ. 97–99ರಲ್ಲಿ ದುಡಿಯುತ್ತಿದ್ದರೆ ಪ್ರೊಸೆಸರ್ ನಿರಪರಾಧಿ, ಬಿಟ್ಟುಬಿಡಿ. ಕಾರ್ಡ್ ಶೇ. 60ರ ಆಸುಪಾಸಿನಲ್ಲಿ ಆರಾಮವಾಗಿದ್ದು ಎಫ್‌ಪಿಎಸ್ ಮಾತ್ರ ನೆಲ ಕಚ್ಚಿದ್ದರೆ ಅನುಮಾನಕ್ಕೆ ಕಾರಣವಿದೆ. ಖಾತ್ರಿಗೆ ರೆಸಲ್ಯೂಶನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ ನೋಡಿ. ಚಿತ್ರ ಮಸುಕಾಗಿಯೂ ಎಫ್‌ಪಿಎಸ್ ಅಲ್ಲೇ ನಿಂತರೆ ತಡೆ ಕಾರ್ಡಿನದಲ್ಲ.

ಇಲ್ಲಿ ಟಾಸ್ಕ್ ಮ್ಯಾನೇಜರ್ ಸಾಕ್ಷಿ ಹೇಳಲು ಓಡಿ ಬರುತ್ತದೆ. ಅದರ ಮಾತು ಅರ್ಧ ನಂಬಿ. ‘ಪ್ರೊಸೆಸರ್ ಬಳಕೆ ಶೇ. 40, ಇನ್ನೂ ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ’ ಅನ್ನುತ್ತದೆ. ಆದರೆ 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು) ಇರುವ ಚಿಪ್ಪಿನಲ್ಲಿ ಒಂದೇ ಒಂದು ಥ್ರೆಡ್ ಉಸಿರು ಕಟ್ಟಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 12.5 ಮಾತ್ರ. ಬಹಳಷ್ಟು ಆಟಗಳಲ್ಲಿ ಮುಖ್ಯ ಕೆಲಸವೆಲ್ಲ ಒಂದು ಥ್ರೆಡ್ಡಿನ ತಲೆಯ ಮೇಲೇ ಬೀಳುತ್ತದೆ. ಉಳಿದವು ಅದರ ದಾರಿ ಕಾಯುತ್ತ ಕೂರುತ್ತವೆ. ವಿಂಡೋಸ್ ಆ ಥ್ರೆಡ್ಡನ್ನು ಚಿಪ್ಪಿನೊಳಗಿನ ಕೆಲಸಗಾರನಾದ ಒಂದು ಕೋರಿನಿಂದ ಇನ್ನೊಂದಕ್ಕೆ ಓಡಾಡಿಸುವುದರಿಂದ ಯಾವ ಕೋರೂ ಪೂರ್ತಿ ತುಂಬಿದಂತೆ ಕಾಣುವುದೂ ಇಲ್ಲ.

ಶಿಕ್ಷೆಗೆ ಮೊದಲು ಇನ್ನಷ್ಟು ಮುಜುಗರದ ಪ್ರಶ್ನೆಗಳಿವೆ. ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆನ್ ಆಗಿದೆಯೇ? 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಮಾನಿಟರಿಗೆ 60 ಎಫ್‌ಪಿಎಸ್ ಕೊಟ್ಟು ಕಾರ್ಡ್ ವಿಶ್ರಾಂತಿ ಪಡೆಯುತ್ತಿದ್ದರೆ ಅದು ರೋಗವಲ್ಲ, ಆರೋಗ್ಯ. 144 ಹರ್ಟ್ಸ್ ಮಾನಿಟರ್ ತಂದು, ವಿಂಡೋಸ್ ಸೆಟ್ಟಿಂಗಿನಲ್ಲಿ 60ರಲ್ಲೇ ಬಿಟ್ಟು, ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎನ್ನುವವರ ಸಂತತಿ ದೊಡ್ಡದು. ಅದಕ್ಕಿಂತ ದೊಡ್ಡದು ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದವರದು. ದುಬಾರಿ ಕಾರ್ಡ್ ಒಳಗೆ ಸುಮ್ಮನೆ ಕೂತಿರುತ್ತದೆ, ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಒಂದೇ ಇಡೀ ಯುದ್ಧವನ್ನು ಎಳೆಯುತ್ತಿರುತ್ತದೆ.

ಆಮೇಲೆ ರ‍್ಯಾಮ್. 16 ಜಿಬಿ ಒಂದೇ ಪಟ್ಟಿಯಲ್ಲಿದೆಯೋ, 8ರ ಎರಡು ಪಟ್ಟಿಗಳಲ್ಲಿದೆಯೋ ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ನೋಡಿ. ಒಂದೇ ಪಟ್ಟಿ ಎಂದರೆ ಡೇಟಾ ಓಡಾಡುವ ದಾರಿ ಅರ್ಧ ಮುಚ್ಚಿದೆ ಎಂದರ್ಥ. ನಾಲ್ಕು ಕಿಂಡಿಗಳ ಬೋರ್ಡಾದರೆ ಎರಡು ಪಟ್ಟಿಗಳಿಗೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ. ಇನ್ನು 3200 ವೇಗದ ರ‍್ಯಾಮ್ ತಂದು ಬಯಾಸ್‌ನಲ್ಲಿ (ಬೋರ್ಡಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ ಅದು 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ. ಎಎಂಡಿಯ ರೈಜನ್ ಚಿಪ್ಪುಗಳಿಗೆ ಈ ನಿಧಾನ ಇನ್ನೂ ಜೋರಾಗಿ ತಾಗುತ್ತದೆ.

ಬಿಸಿ 95–100 ಡಿಗ್ರಿ ಮುಟ್ಟಿ ವೇಗ ಕುಸಿಯುತ್ತಿದ್ದರೆ ಬೇಕಾದದ್ದು ಹೊಸ ಪ್ರೊಸೆಸರಲ್ಲ, ಒಂದು ಬ್ರಷ್ಷು ಮತ್ತು ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹೊಸ ಥರ್ಮಲ್ ಪೇಸ್ಟ್. ಆಟದೊಳಗೂ ಸ್ವಲ್ಪ ಕೈಯಾಡಿಸಿ. ಪ್ರೊಸೆಸರಿಗೆ ಸುಸ್ತು ಮಾಡಿಸುವುದು ಜನಜಂಗುಳಿ, ದೂರದ ದೃಶ್ಯದ ವಿವರ, ಭೌತಿಕ ಲೆಕ್ಕಾಚಾರ, ಬೆಳಕಿನ ಕಿರಣಗಳ ಲೆಕ್ಕ ಹಾಕುವ ರೇ ಟ್ರೇಸಿಂಗ್. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಇಳಿಸಿದರೆ ಅದಕ್ಕೆ ಏನೂ ಹಗುರಾಗುವುದಿಲ್ಲ. ಗೋಡೆ ಕೊಳಕಾಗುತ್ತದೆ, ತಡವರಿಕೆ ಹಾಗೇ ಇರುತ್ತದೆ.

ಇಷ್ಟೆಲ್ಲ ಆಗಿಯೂ ಪ್ರೊಸೆಸರೇ ತಪ್ಪಿತಸ್ಥ ಎಂದು ಸಾಬೀತಾಯಿತು ಅನ್ನಿ. ಈಗ ಯಾವ ಚಿಪ್ಪು ಚೆನ್ನ ಎಂದು ಕೇಳಬೇಡಿ. ನಿಮ್ಮ ಬೋರ್ಡ್ ಯಾವುದನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ಕೇಳಿ. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಈ ವಿಷಯದಲ್ಲಿ ದೊಡ್ಡ ತಮಾಷೆಗಾರ. 2015ರ ಆರನೇ ಪೀಳಿಗೆ, ಏಳನೆಯದು, 2017ರ ಕೊನೆಗೆ ಬಂದ ಎಂಟನೆಯದು, ಎಲ್ಲಕ್ಕೂ ಅದೇ ಹೆಸರಿನ ಸಾಕೆಟ್. ಎಂಟನೇ ಪೀಳಿಗೆಯ ಚಿಪ್ಪು ಹಳೆಯ 100 ಅಥವಾ 200 ಸರಣಿಯ ಬೋರ್ಡಿನಲ್ಲಿ ಚೆನ್ನಾಗಿಯೇ ಕೂರುತ್ತದೆ. ಕೂರುತ್ತದೆ, ಅಷ್ಟೆ, ಏಳುವುದಿಲ್ಲ. ಅದಕ್ಕೆ 300 ಸರಣಿಯ ಬೋರ್ಡೇ ಬೇಕು. ಅಂಥ ಹಳೆಯ ಬೋರ್ಡಿನಲ್ಲಿ ಐ5-6500 ಇದ್ದರೆ ಮೇಲಕ್ಕೆ ಹೋಗಬಹುದಾದ ಕೊನೆಯ ಮೆಟ್ಟಿಲು ಐ7-7700ಕೆ. 4 ಕೋರ್ ಹಾಗೇ ಇರುತ್ತವೆ, ಥ್ರೆಡ್ 4ರಿಂದ 8 ಆಗುತ್ತವೆ. ತಡವರಿಕೆ ನಿಜವಾಗಿಯೂ ಕಡಿಮೆಯಾಗುತ್ತದೆ, ಸುಳ್ಳಲ್ಲ. ಆದರೆ ಹಳೆಯ ಸಾಕೆಟ್ಟಿನ ತುತ್ತತುದಿಯ ಚಿಪ್ಪಿಗಾಗಿ ಅದೇ ಓಣಿಯವರೆಲ್ಲ ಹುಡುಕುತ್ತಿರುತ್ತಾರೆ, ಹಾಗಾಗಿ ಸೆಕೆಂಡ್ ಹ್ಯಾಂಡಿನಲ್ಲೂ ಅದರ ಬೆಲೆ ಇಳಿಯಲು ಒಪ್ಪುವುದಿಲ್ಲ. ಕಡಿಮೆಗೆ ಸಿಕ್ಕರೆ ಹಾಕಿ, ಇಲ್ಲದಿದ್ದರೆ ಆ ದುಡ್ಡನ್ನು ಮುಂದಿನ ಬೋರ್ಡಿಗೆ ಕಾದಿಡಿ.

ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇರುವವರು ಪುಣ್ಯವಂತರು. 2017ರ ರೈಜನ್ 5 1600 ಕೂತಿದ್ದ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಸಿಕ್ಕಿದ್ದರೆ 6 ಕೋರಿನ 5600 ಅಥವಾ 8 ಕೋರಿನ 5700ಎಕ್ಸ್3ಡಿ ನೇರವಾಗಿ ಹಾಕಬಹುದು. ಆ 3ಡಿ ಚಿಪ್ಪಿನ ಗುಟ್ಟು 96 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ವೇಗದ ನೆನಪು. 5600ರಲ್ಲಿ ಇರುವುದು 32. ಕ್ಯಾಶ್ ದೊಡ್ಡದಾದಷ್ಟೂ ರ‍್ಯಾಮ್ ಬಾಗಿಲಿಗೆ ಪದೇಪದೇ ಓಡುವುದು ತಪ್ಪುತ್ತದೆ, ಆಟಗಳಿಗೆ ಅದೇ ಬೇಕಾದದ್ದು. ಬೋರ್ಡ್ ತೀರಾ ಅಗ್ಗದ್ದಾಗಿದ್ದು ವಿದ್ಯುತ್ ನಿಯಂತ್ರಿಸುವ ಭಾಗದ ಮೇಲೆ ಹೀಟ್‌ಸಿಂಕ್ ಇಲ್ಲದಿದ್ದರೆ 105 ವ್ಯಾಟಿನ ಈ 3ಡಿ ಚಿಪ್ಪು ಬೇಡ, 65 ವ್ಯಾಟಿನ 5600 ಸಾಕು. ಇನ್ನೊಂದು ಸಂಗತಿ: 3ಡಿ ಚಿಪ್ಪಿನ ಪೆಟ್ಟಿಗೆಯಲ್ಲಿ ಕೂಲರ್ ಇರುವುದಿಲ್ಲ. ಇದು ತಿಳಿಯುವುದು ಸಾಮಾನ್ಯವಾಗಿ ಹಳೆಯದನ್ನೆಲ್ಲ ಬಿಚ್ಚಿ ಹರಡಿದ ಮೇಲೆ.

ಬಿಚ್ಚುವ ಮೊದಲೇ, ಹಳೆಯ ಪ್ರೊಸೆಸರ್ ಜಾಗದಲ್ಲಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಹೊಸ ಚಿಪ್ಪು ಹಾಕಿದ ಮೇಲೆ ಅಪ್‌ಡೇಟ್ ಮಾಡೋಣ ಎಂದುಕೊಂಡರೆ ಪರದೆಯೇ ಬರುವುದಿಲ್ಲ, ಅಪ್‌ಡೇಟ್ ಎಲ್ಲಿಂದ? ಬೋರ್ಡಿನ ಹೆಸರಿನ ಜೊತೆ ರಿವಿಷನ್ ಸಂಖ್ಯೆಯನ್ನೂ ನೋಡಿ, ಫೈಲನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿಗೆ ಹಾಕಿ, ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು, ತಾತ್ಕಾಲಿಕವಾಗಿ ನಿಲ್ಲಿಸಿ. ಹೊಸ ಪ್ರೊಸೆಸರ್ ಕಂಡ ಕೂಡಲೇ ಬೋರ್ಡ್ ಎಫ್‌ಟಿಪಿಎಂ (ಕೀಗಳನ್ನು ಕಾಪಾಡುವ ಭಾಗ) ಅಳಿಸಲೇ ಎಂದು ಕೇಳುತ್ತದೆ. ಹೂಂ ಅಂದ ಮೇಲೆ ವಿಂಡೋಸ್ ಆ ಕೀ ಕೇಳಿದರೆ ಯಾರ ಮುಖ ನೋಡುತ್ತೀರಿ?

ಎಎಂ4 ಕೂಲರನ್ನು ನೇರವಾಗಿ ಮೇಲಕ್ಕೆ ಎಳೆಯಬಾರದು. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ, ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತು ಬರುತ್ತದೆ, ಪಿನ್ನುಗಳು ಮಲಗುತ್ತವೆ. ಹತ್ತು ನಿಮಿಷ ಆಟ ಆಡಿಸಿ ಬಿಸಿ ಮಾಡಿ, ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿ. ಹೊಸ ಚಿಪ್ಪಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಬೇಕು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಒತ್ತುವ ಪ್ರಮೇಯವೇ ಇಲ್ಲ. ಪೇಸ್ಟ್ ಬಟಾಣಿ ಕಾಳಿನಷ್ಟು. ಹೊಸ ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಕೀಳಿ. ‘ತೆಗೆಯಿರಿ’ ಎಂದು ಅದರ ಮೇಲೇ ಅಚ್ಚಾಗಿದ್ದರೂ ಅದನ್ನು ಹಾಗೇ ಬಿಗಿದು, ಹೊಸ ಪ್ರೊಸೆಸರ್ ಯಾಕಿಷ್ಟು ಬಿಸಿ ಎಂದು ಬೈಯುವ ಪರಂಪರೆ ಇನ್ನೂ ನಿಂತಿಲ್ಲ.

ಬೋರ್ಡನ್ನೇ ಬದಲಿಸುವ ದಾರಿ ಹಿಡಿದರೆ ಪಟ್ಟಿ ತಾನಾಗಿ ಉದ್ದವಾಗುತ್ತದೆ. ಎಎಂಡಿಯ ಮುಂದಿನ ಸಾಕೆಟ್ ಎಎಂ5ಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಇಂಟೆಲ್‌ನ ಎಲ್‌ಜಿಎ 1700ರಲ್ಲಾದರೆ ಹಿಂದಿನ ಡಿಡಿಆರ್4 ರ‍್ಯಾಮಿನ ಬೋರ್ಡುಗಳೂ ಇವೆ, ಹಳೆಯ ರ‍್ಯಾಮ್ ಉಳಿಯುತ್ತದೆ, ಆದರೆ ಕೂಲರಿಗೆ ಹೊಸ ಬ್ರಾಕೆಟ್ ಬೇಕಾದೀತು. ವಿಂಡೋಸ್ ಪರವಾನಗಿ ಬೋರ್ಡಿಗೆ ಗಂಟು ಬಿದ್ದಿರುತ್ತದೆ, ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಪಟ್ಟಿ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ, ರೈಜನ್‌ನಲ್ಲಿ 2000 ಸರಣಿಯಿಂದ ಶುರು. ಆಟಕ್ಕೆ ಹೇಗೋ ಸಾಲುವ ಚಿಪ್ಪನ್ನೂ ಬದಲಿಸಲು ಇದೊಂದು ನ್ಯಾಯವಾದ ನೆಪ.

ಎಲ್ಲ ಮುಗಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ, ಅಪ್‌ಡೇಟ್ ಅದನ್ನು ಅಳಿಸಿರುತ್ತದೆ. ಮೊದಲು ಅಳೆದ ಜಾಗದಲ್ಲೇ, ಅದೇ ಸೆಟ್ಟಿಂಗಿನಲ್ಲಿ ಮತ್ತೆ ಅಳೆಯಿರಿ. ಸರಾಸರಿ ಎಫ್‌ಪಿಎಸ್‌ಗಿಂತ ‘ಶೇ. 1 ಲೋ’ ಅಂಕಿಯನ್ನು (ಅತಿ ನಿಧಾನವಾದ ಶೇ. 1 ಚಿತ್ರಗಳ ಎಫ್‌ಪಿಎಸ್) ನೋಡಿ, ತಡವರಿಕೆ ಅಡಗಿರುವುದು ಅಲ್ಲೇ. ಅದು ಏರಿ, ಗ್ರಾಫಿಕ್ಸ್ ಕಾರ್ಡ್ ಶೇ. 99 ತೋರಿಸುತ್ತಿದ್ದರೆ ಕೆಲಸ ಸರಿಯಾಗಿದೆ. ಆ 99 ನೋಡಿದ ಕೂಡಲೇ ‘ಕಾರ್ಡ್ ಹಳೇದಾಯ್ತು’ ಅನ್ನಬೇಡಿ.