ಮೂಲೆಯಲ್ಲಿ ಮೂರು ಎ

ಸರಕಾರಿ ಜಾಲತಾಣ ಯಾವುದನ್ನೇ ತೆಗೆಯಿರಿ, ಮೇಲಿನ ಮೂಲೆಯಲ್ಲಿ ಬಹುತೇಕ ಮೂರು ‘ಎ’ಗಳು ಕೂತಿರುತ್ತವೆ. ಒಂದಕ್ಕೆ ಮೈನಸ್, ಒಂದಕ್ಕೆ ಪ್ಲಸ್, ನಡುವಿನದು ಬೋಳು. ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗಬೇಕು. ಆಗುತ್ತದೆ ಕೂಡ, ಮೆನುವಿನದು! ನಾವು ಓದಬೇಕಾದ ಸುತ್ತೋಲೆ ಮಾತ್ರ ಜಪ್ಪೆನ್ನುವುದಿಲ್ಲ. ಏಕೆಂದರೆ ಅದರಲ್ಲಿ ಅಕ್ಷರವೇ ಇಲ್ಲ, ಅದು ಬರೀ ಫೋಟೊ. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಾಹೇಬರ ಸಹಿ ಹಾಕಿಸಿ, ದುಂಡನೆಯ ಸೀಲು ಒತ್ತಿ, ತುಸು ಓರೆಯಾಗಿ ಸ್ಕ್ಯಾನ್ ಮಾಡಿ ಮತ್ತೆ ಕಂಪ್ಯೂಟರಿಗೇ ಏರಿಸಿರುತ್ತಾರೆ. ಈ ಪ್ರಯಾಣದಲ್ಲಿ ಅಕ್ಷರಗಳು ನಡುದಾರಿಯಲ್ಲೇ ಇಳಿದು ಹೋಗಿರುತ್ತವೆ. ಸೀಲು ಮಾತ್ರ ಸುರಕ್ಷಿತ.

ಆ ಮೂರು ಎಗಳ ಪಕ್ಕದಲ್ಲೇ ‘ಸ್ಕ್ರೀನ್ ರೀಡರ್ ಆಕ್ಸೆಸ್’ ಎಂಬ ಕೊಂಡಿ. ಒತ್ತಿದರೆ ಒಂದು ಪಟ್ಟಿ: ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶಗಳು, ಅವು ಸಿಗುವ ವಿಳಾಸಗಳು. 2017ರಲ್ಲೇ ಕಣ್ಣು ಮುಚ್ಚಿದ ವಿಂಡೋ-ಐಸ್ ಕೂಡ ಕೆಲವು ಪಟ್ಟಿಗಳಲ್ಲಿ ಇನ್ನೂ ಜೀವಂತ. ಒಂದು ತಾಣದ ಪಟ್ಟಿ ಇನ್ನೊಂದಕ್ಕೆ ನಕಲಾಗುತ್ತ ಬಂದಿದೆ ಎಂದು ನನ್ನ ಗುಮಾನಿ. ನಮ್ಮ ಓಣಿಯ ಮಾಸ್ತರರಿಗೆ ಕಣ್ಣು ಕಾಣುವುದಿಲ್ಲ. ಈ ಪಟ್ಟಿಯ ಮಾತೆತ್ತಿದರೆ ಅವರಿಗೆ ನಗು. “ಬೀಗದ ಕೈ ಪೆಟ್ಟಿಗ್ಯಾಗ ಇಟ್ಟು ಬೀಗ ಹಾಕ್ಯಾರ್ರಿ. ಓದೋ ಯಂತ್ರ ಎಲ್ಲಿ ಸಿಗ್ತದ ಅಂತ ಓದ್ಲಿಕ್ಕೆ ನನಗ ಮೊದಲ ಆ ಯಂತ್ರ ಬೇಕಲ್ಲ?”

ಅವರಲ್ಲಿರುವುದು ಎನ್‌ವಿಡಿಎ. ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಶುರು ಮಾಡಿದ್ದು. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಸ್ವಲ್ಪ ಮೂಗಿನಲ್ಲಿ ಓದುತ್ತದೆ, ಆದರೆ ಓದುತ್ತದೆ. ಅದಕ್ಕೆ ಬೇಕಾದದ್ದು ಯುನಿಕೋಡ್ ಅಕ್ಷರ, ಅಂದರೆ ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಅಕ್ಷರ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಆದೇಶ ಸಿಕ್ಕರೆ ಮುಗಿಯಿತು. ಕಣ್ಣಿಗೆ ‘ಕನ್ನಡ’ ಎಂದು ಕಾಣುವುದರ ಕೆಳಗೆ ಇಂಗ್ಲಿಷಿನ ಪಿ, ಬ್ರಿಟಿಷರ ಪೌಂಡ್ ಚಿಹ್ನೆ, ಒಂದು ಕ್ಯೂ ಇತ್ಯಾದಿ ಅಡಗಿರುತ್ತವೆ. ಯಂತ್ರ ಪಾಪ, ಇದ್ದದ್ದನ್ನು ಇದ್ದಂತೆ ಒದರುತ್ತದೆ. ಮಾಸ್ತರರ ಮನೆಯಿಂದ ಆ ಸದ್ದು ಹೊರಬಿದ್ದರೆ ಹೊಸ ಸುತ್ತೋಲೆ ಬಂದಿದೆ ಎಂದು ನಮಗೆ ಗೊತ್ತಾಗುತ್ತದೆ.

ಇದು ಕಣ್ಣಿಲ್ಲದವರ ತಾಪತ್ರಯ ಮಾತ್ರ ಎಂದುಕೊಂಡವರು ಮೇ ತಿಂಗಳಲ್ಲಿ ಕಲಬುರಗಿಗೆ ಬರಬೇಕು. ನಲವತ್ತು ದಾಟಿದ ಬಿಸಿಲಿನಲ್ಲಿ, ಜಗತ್ ಸರ್ಕಲ್ಲಿನಲ್ಲಿ ನಿಂತು, ಬಿಳಿಯ ಮೇಲೆ ತೆಳು ಬೂದು ಬಣ್ಣದ ಅಕ್ಷರವನ್ನು ಮೊಬೈಲಿನಲ್ಲಿ ಓದಿ ತೋರಿಸಲಿ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ಅಂತರ ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ಲೆಕ್ಕ ಹಾಕಿದವರು ನಮ್ಮ ಬಿಸಿಲು ನೋಡಿರಲಿಕ್ಕಿಲ್ಲ.

ಹುಟ್ಟಿದ ದಿನಾಂಕದ್ದು ಬೇರೆಯೇ ಪುರಾಣ. ಕೈಯಿಂದ ಬರೆಯಲು ಬಿಡದೆ ಪುಟ್ಟ ಕ್ಯಾಲೆಂಡರ್ ತೆರೆಯುವ ಅರ್ಜಿಗಳಿವೆ. 1955ರಲ್ಲಿ ಹುಟ್ಟಿದವರು ಅದರ ಹಿಂದಿನ ತಿಂಗಳ ಬಾಣವನ್ನು ಒತ್ತುತ್ತ ಹೋದರೆ, ವರ್ಷಕ್ಕೆ 12ರಂತೆ 70 ವರ್ಷಕ್ಕೆ 840 ಸಲ. ತುರ್ತುಪರಿಸ್ಥಿತಿ ದಾಟಿ, ಚೀನಾ ಯುದ್ಧ ದಾಟಿ, ಇನ್ನೇನು ಬಾಲ್ಯ ಬಂತು ಎನ್ನುವಾಗ ‘ನಿಮ್ಮ ಸೆಷನ್ ಮುಗಿದಿದೆ’.

ಕಾನೂನಿಗೆ ಕೊರತೆಯಿಲ್ಲ. ಸರಕಾರಿ ಜಾಲತಾಣ ಹೇಗಿರಬೇಕೆಂಬ ಕೇಂದ್ರದ ಮಾರ್ಗಸೂಚಿ 2009ರಲ್ಲೇ ಬಂತು, 2023ರಲ್ಲಿ ಅದರ ಮೂರನೇ ಆವೃತ್ತಿಯೂ ಬಂತು. ನಡುವೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳನ್ನು ಪಡೆಯುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಅಂದರೆ ಮೂಲೆಯ ಮೂರು ಎಗಳು ಯಾರೋ ಕರುಣೆಯಿಂದ ಇಟ್ಟವಲ್ಲ, ತಪಾಸಣೆಗೆ ಬಂದವರಿಗೆ ತೋರಿಸಲೆಂದು ಇಟ್ಟವು. ಇದು ಕೋರ್ಟಿನ ಮಾತಲ್ಲ, ನನ್ನದು.

ನಮ್ಮಲ್ಲಿ ನಿಜವಾಗಿ ಕೆಲಸ ಮಾಡುವ ಪ್ಲಸ್ ಬಟನ್ ಎಂದರೆ ಆನ್‌ಲೈನ್ ಸೆಂಟರಿನ ಹುಡುಗ. ಪಹಣಿ, ಜಾತಿ-ಆದಾಯ, 371ಜೆ ಎಂದು ಬೋರ್ಡು ಹಾಕಿಕೊಂಡು, ಝೆರಾಕ್ಸ್ ಯಂತ್ರದ ಬಿಸಿಗಾಳಿಯಲ್ಲಿ ಕೂತಿರುತ್ತಾನೆ. ಸೊಟ್ಟಗೆ ತಿರುಚಿ ಮೇಲೆ ಗೀರು ಎಳೆದ ಕ್ಯಾಪ್ಚಾ ಅಕ್ಷರಗಳನ್ನು ಅವನು ಮಾತಾಡುತ್ತಲೇ ಓದಬಲ್ಲ. ಕಣ್ಣಿಲ್ಲದವರಿಗೆ ಅದನ್ನು ಧ್ವನಿಯಲ್ಲಿ ಕೇಳಿಸುವ ಬಟನ್ ಇರಬೇಕು. ಇದ್ದರೂ ಮಾಸ್ತರರಿಗೆ ಒತ್ತಿದಾಗ ಕೇಳುವುದು ಇಂಗ್ಲಿಷಿನ ಗೊರಗೊರ. ಹೀಗಾಗಿ ‘ನಾನು ರೋಬೋಟ್ ಅಲ್ಲ’ ಎಂದು ದಿನವಿಡೀ ಊರವರ ಪರವಾಗಿ ಟಿಕ್ ಹಾಕುವ ಹೊಣೆ ಅವನದೇ. ಪಾಸ್‌ವರ್ಡುಗಳು ಅವನ ವಹಿಯಲ್ಲಿ, ಓಟಿಪಿ ಅವನ ಫೋನಿಗೆ.

ಮಾಸ್ತರರಿಗೆ ಇದು ಸುತರಾಂ ಸರಿಬರುವುದಿಲ್ಲ. ಐವತ್ತು ರೂಪಾಯಿ ಕೊಡುವುದಕ್ಕೆ ಅವರ ತಕರಾರಿಲ್ಲ. “ನನ್ನ ಪೆನ್ಷನ್ ಎಷ್ಟದ ಅಂತ ನನ್ನ ಮಗಗ ಗೊತ್ತಿಲ್ಲ, ಇವಗ ಗೊತ್ತದ ನೋಡ್ರಿ!”

“ಯಾರಿಗೂ ಹೇಳಂಗಿಲ್ ಬಿಡ್ರಿ ಮಾಸ್ತರ್,” ಎನ್ನುತ್ತಾನೆ ಹುಡುಗ, ಪ್ರಿಂಟ್ ತೆಗೆಯುತ್ತ. “ನಿಮ್ಮ ಬಾಜೂ ಮನಿಯವ್ರದು ಎಷ್ಟದ ಅಂತ ನಿಮಗ ಎಂದರ ಹೇಳೀನೇನು?”