ಶಿವನನ್ನ ನೋಡದೆ ಬಂದೋಳು ನಾನೇ

ಮೊನ್ನೆ ಭಾನುವಾರ ಮಾಟುಂಗಾದಲ್ಲಿ ತಿಂಡಿಗೆ ಹೋದಾಗ ನಮ್ಮ ಉಡುಪಿ ಕಡೆಯ ಅಂಕಲ್ ಒಬ್ರು ಸಿಕ್ಕಿದ್ರು. ವಿಯೆಟ್ನಾಂಗೆ ಹೋಗಿದ್ದೆ ಅಂದದ್ದೇ ತಡ, "ಮೀ ಸನ್ ನೋಡಿದ್ಯಾ?" ಇಲ್ಲ ಅಂದೆ. ಚಟ್ನಿಗೆ ಅದ್ದಿದ ಇಡ್ಲಿ ಹಾಗೇ ನಿಂತಿತು. "ಎಂತ ಮಾರಾಯ್ತಿ, ಹೋಯಿ ಆನ್‌ವರೆಗೆ ಹೋಗಿ, 40 ಕಿಲೋಮೀಟರ್ ಆಚೆ ಶಿವ ಇದ್ದಾನೆ, ನೋಡ್ದೆ ಬಂದ್ಯಾ?"

ಅವ್ರು ಹೇಳೋದು ಸುಳ್ಳಲ್ಲ. ಮೀ ಸನ್ ಅಂದ್ರೆ ಅಲ್ಲಿ ಹಿಂದೆ ಆಳಿದ ಚಂಪಾ ರಾಜರ ಇಟ್ಟಿಗೆ ಗುಡಿಗಳು, 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವ್ರು ಅಲ್ಲಿ ದುರಸ್ತಿ ಮಾಡುವಾಗ 9ನೇ ಶತಮಾನದ ಶಿವಲಿಂಗ ಬೇರೆ ಸಿಕ್ಕಿತ್ತು, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಆ ಫೋಟೋ ನಾಲ್ಕು ಸಲ ಬಂದಿತ್ತು. ನನ್ನ ಲಿಸ್ಟಲ್ಲೂ ಇತ್ತು. ಆದ್ರೆ ಹನೋಯ್‌ನಿಂದ ಡಾ ನಾಂಗ್‌ಗೆ ಹದಿನಾರು ಗಂಟೆ ಟ್ರೈನಲ್ಲಿ ಕೂತು, ಅಲ್ಲಿಂದ ಹೋಯಿ ಆನ್ ಅನ್ನೋ ಹಳೇ ಊರಿಗೆ ಬಂದು, ಬ್ಯಾಗ್ ಹೊತ್ಕೊಂಡು ಹಾಸ್ಟೆಲ್ ಹುಡುಕಿ ಮಲಗಿದೋಳು ಬೆಳಗ್ಗೆ ಅಲಾರಂ ಹೊಡೆದಾಗ ಅದನ್ನ ಆಫ್ ಮಾಡಿ ಮತ್ತೆ ಹೊದ್ಕೊಂಡೆ. ದಿನಾ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡೀಲಿಕ್ಕೆ ಓಡೋದು ಸಾಲದಾ, ರಜೆಯಲ್ಲೂ ಅದೇ ಓಟವಾ? ನಮ್ಮವ್ರ ಟ್ರಿಪ್ ಅಂದ್ರೆ ಹಾಜರಿ ಹಾಕೋ ಕೆಲಸ ಮಾರಾಯ್ರೆ. ಹೋದ್ವಿ, ಫೋಟೋ ತೆಗೆದ್ವಿ, ಮುಂದಿನದ್ದು!

ಹತ್ತು ಗಂಟೆಗೆ ಎದ್ದು ಗಲ್ಲಿಯೊಂದರಲ್ಲಿ ಕಾಫಿಗೆ ಕೂತೆ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು. ಅಜ್ಜಿಯೊಬ್ರು ಗ್ಲಾಸಿನ ತಳಕ್ಕೆ ಮಿಲ್ಕ್‌ಮೇಡ್ ಥರದ ಗಟ್ಟಿ ಹಾಲು ಹಾಕಿ, ಮೇಲೆ ಪುಟ್ಟ ಫಿಲ್ಟರ್ ಇಟ್ಟು ಬಿಸಿನೀರು ಹೊಯ್ದು ಹೋದ್ರು. ಅದಕ್ಕೆ ಫಿನ್ ಅಂತಾರೆ, ನಮ್ಮನೆ ಸ್ಟೀಲ್ ಫಿಲ್ಟರಿನ ಮೊಮ್ಮಗ ಥರ ಉಂಟು. ಒಂದು ಹನಿ. ಆಮೇಲೆ ಇನ್ನೊಂದು ಹನಿ. ತಡೀಲಾರದೆ ಮುಚ್ಚಳ ಎತ್ತಿ ಇಣುಕಿದ್ದಕ್ಕೆ ಅಜ್ಜಿ ಬಂದು ನನ್ನ ಕೈ ಮೇಲೆ ಮೆಲ್ಲ ಹೊಡೆದು ಮುಚ್ಚಳ ವಾಪಸ್ ಇಟ್ರು. ಬಿಳಿ ಹಾಲಿನ ಮೇಲೆ ಕಪ್ಪು ಡಿಕಾಕ್ಷನ್ ಒಂದು ಬೆರಳು ಏರೋವರೆಗೆ ನಾನು ಫೋನ್ ಮುಟ್ಲಿಲ್ಲ, ಇದು ನನ್ನ ಜೀವನದ ದಾಖಲೆ.

ಮಧ್ಯಾಹ್ನ ಊಟ ಸಲೀಸಾಯ್ತು, ಅಲ್ಲಿ ಸಸ್ಯಾಹಾರಕ್ಕೆ "ಚಾಯ್" ಅಂತಾರೆ, ಅದೊಂದು ಶಬ್ದ ಗೊತ್ತಿದ್ರೆ ಸಾಕು. (ಮುಂಬೈ ಅಭ್ಯಾಸದಲ್ಲಿ ಚಾ ಕೇಳ್ಬೇಡಿ, ತೋಫು ಬರ್ತದೆ.) ಜಪಾನಿ ಸೇತುವೆಗೆ ಒಂದು ಸುತ್ತು ಹಾಕಿದೆ, 20,000 ಡಾಂಗ್ ನೋಟಲ್ಲಿರೋದು ಅದೇ ಸೇತುವೆ. ಸಿಕ್ಕಾಪಟ್ಟೆ ಜನ. ಬೇಗ ಹೊರಗೆ ಬಂದೆ.

ಮತ್ತೆ ಹಳೇ ವ್ಯಾಪಾರಿಯೊಬ್ರ ಮನೆ. ಥು ಬೋನ್ ನದಿ ಮಳೆಗಾಲದಲ್ಲಿ ಊರೊಳಗೇ ಬರ್ತದೆ, ನೀರು ಎಲ್ಲಿವರೆಗೆ ಬಂತು ಅಂತ ಒಳಗೋಡೆಯಲ್ಲಿ ಇಸವಿ ಸಮೇತ ಗುರ್ತು ಹಾಕಿಟ್ಟಿದ್ದಾರೆ. ಒಂದು ಗೆರೆ ನನ್ನ ತಲೆಗಿಂತ ಮೇಲೆ. ಕುರ್ಲಾದ ನಮ್ಮ ದೊಡ್ಡಮ್ಮನ ಮನೆಯಲ್ಲೂ 26 ಜುಲೈ 2005ರ ಮುಂಬೈ ನೆರೆಯ ಗೆರೆ ಇತ್ತು, ಪೇಂಟ್ ಹೊಡೆಸುವಾಗ ದೊಡ್ಡಪ್ಪ ಅಷ್ಟು ಜಾಗ ಬಿಡಿ ಅಂತ ಜಗಳ ಮಾಡಿದ್ರು. ಆ ಗೋಡೆ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಬಸ್ಸಿಗೆ ಟೈಮಾಯ್ತು ಅಂತ ಕೂಗ್ಲಿಕ್ಕೆ ಯಾರೂ ಇರ್ಲಿಲ್ಲ.

ಇದೆಲ್ಲ ಅಂಕಲ್‌ಗೆ ಹೇಳಿದೆ. "ಗೋಡೆ ನೋಡ್ಲಿಕ್ಕೆ ಅಷ್ಟು ದೂರ ಹೋದ್ಯಾ" ಅಂದ್ರು. ಮುಂದಿನ ತಿಂಗಳು ಅವ್ರೂ ಹೋಗ್ತಾರಂತೆ, ಗ್ರೂಪ್ ಟೂರು, ಹೋಯಿ ಆನ್‌ಗೆ ಊಟ ಸೇರಿ ಮೂರು ಗಂಟೆ. ಬಿಲ್ಲಿನ ಹಿಂದೆ ಅಜ್ಜಿ ಅಂಗಡಿಯ ದಾರಿ ಬರ್ದು ಕೊಟ್ಟೆ. ಕಾಫಿ ಇಳೀಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಮಾತ್ರ ಹೇಳ್ಲಿಲ್ಲ.